ಕೆನಡಾ ಪೌರತ್ವ: ಪಿಆರ್ ಅರ್ಜಿಯಿಂದ ಪ್ರಮಾಣವಚನದವರೆಗೆ

ಕೆನಡಾದಲ್ಲಿ ಕಾಯಂ ವಾಸದ ಹಕ್ಕು, ಅಂದರೆ ಪಿಆರ್, ಒಂದು, ಪೌರತ್ವ ಇನ್ನೊಂದು. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಪಿಆರ್ ಉಳಿಯುತ್ತದೆ. ಪೌರತ್ವ ಕೇಳಬೇಕಾದರೆ ಐದು ವರ್ಷದಲ್ಲಿ 1,095 ದಿನ ಇದ್ದಿರಬೇಕು. ಪಿಆರ್ ಉಳಿಸಿಕೊಳ್ಳುವ ಲೆಕ್ಕದಲ್ಲಿ, ಕೆನಡಾ ಪ್ರಜೆಯಾದ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿ ಕಳೆದ ದಿನಗಳಿಗೂ ಜಾಗವಿದೆ. ಪೌರತ್ವದ ಲೆಕ್ಕದಲ್ಲಿ ಅದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದರೆ ವರ್ಷಗಳೇ ಕೈತಪ್ಪುತ್ತವೆ.

ಹೆಸರಿನಿಂದ ಶುರು ಮಾಡಿ

ಕರ್ನಾಟಕದವರಿಗೆ ಮೊದಲು ಎಡವುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’, ಪದವಿ ಪ್ರಮಾಣಪತ್ರದಲ್ಲಿ ‘ಎಚ್. ಮಂಜುನಾಥ’, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಬಿಡಿಸಿ ಬರೆದದ್ದು. ಅಲ್ಲಿನ ಅಧಿಕಾರಿಗೆ ಇವು ಮೂರು ಬೇರೆ ವ್ಯಕ್ತಿಗಳಂತೆ ಕಾಣಬಹುದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅರ್ಜಿಗೆ ಕೈಹಾಕುವ ಮೊದಲೇ ಮರುವಿತರಣೆ ಮಾಡಿಸಿ ತುಂಬಿಸಿಕೊಳ್ಳುವುದು ಒಳ್ಳೆಯದು. ಹಳೆಯ ಅಂಕಪಟ್ಟಿ ತಿದ್ದಿಸಲು ಆಗದಿದ್ದರೆ, ಎಲ್ಲ ರೂಪದ ಹೆಸರುಗಳೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಪಿಆರ್ ಕಾರ್ಡಿನಲ್ಲಿ ಬಂದ ಹೆಸರೇ ಮುಂದೆ ಪೌರತ್ವ ಪ್ರಮಾಣಪತ್ರದವರೆಗೂ ಹಿಂಬಾಲಿಸುತ್ತದೆ.

ಪಿಆರ್: ಎಕ್ಸ್‌ಪ್ರೆಸ್ ಎಂಟ್ರಿ ದಾರಿ

ನುರಿತ ಕೆಲಸಗಾರರಿಗೆ 2015ರ ಜನವರಿಯಿಂದ ಇರುವ ವ್ಯವಸ್ಥೆ ಇದು. ಭಾರತದಿಂದಲೇ ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ಹೊಂದುವುದು ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗ. ಕಳೆದ 10 ವರ್ಷದೊಳಗೆ ಕನಿಷ್ಠ ಒಂದು ವರ್ಷ ಬಿಡುವಿಲ್ಲದ ನುರಿತ ಕೆಲಸದ ಅನುಭವ, 100ಕ್ಕೆ 67 ಅಂಕ ಇಲ್ಲಿನ ಬಾಗಿಲು. ಬಾಗಿಲು ದಾಟಿದ ಮೇಲೆ ಇನ್ನೊಂದು ತಕ್ಕಡಿ ಇದೆ: ಅರ್ಜಿದಾರರನ್ನು ಒಬ್ಬರಿಗೊಬ್ಬರು ಹೋಲಿಸಿ ಸಾಲಿನಲ್ಲಿ ನಿಲ್ಲಿಸುವ 1,200 ಅಂಕಗಳ ಸಿಆರ್‌ಎಸ್. ಪಿಆರ್ ಅರ್ಜಿ ಸಲ್ಲಿಸಿ ಎಂಬ ಕರೆ ಬರುವುದು ಇದರ ಮೇಲೆ. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ ಒಮ್ಮೆಲೇ 600 ಅಂಕ ಸೇರುತ್ತವೆ. ಉದ್ಯೋಗದ ಆಫರ್‌ಗೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ‘ಆಫರ್ ಲೆಟರ್ ಕೊಡಿಸುತ್ತೇವೆ, ಅಂಕ ಏರುತ್ತದೆ’ ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ.

ಅಂಕ ಏರಿಸಲು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಭಾಷಾ ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ ಜನರಲ್ ಟ್ರೈನಿಂಗ್ ಬರೆಯಬೇಕು, ಅಕಾಡೆಮಿಕ್ ಅಲ್ಲ. ನಾಲ್ಕೂ ವಿಭಾಗದಲ್ಲಿ 6.0 ಬಂದರೆ ಕೆನಡಾದ ಮಾನದಂಡದಲ್ಲಿ 7ನೇ ಮಟ್ಟ, ಆಲಿಸುವಿಕೆಯಲ್ಲಿ 8.0, ಉಳಿದ ಮೂರರಲ್ಲಿ 7.0 ಬಂದರೆ 9ನೇ ಮಟ್ಟ. ಪದವಿಗೂ ಹೊರದೇಶದ ಅನುಭವಕ್ಕೂ ಭಾಷೆಯ ಜೊತೆ ಕೂಡಿ ಸಿಗುವ ಹೆಚ್ಚುವರಿ ಅಂಕ 9ನೇ ಮಟ್ಟದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬರವಣಿಗೆಯಲ್ಲಿ 6.5ಕ್ಕೆ ನಿಂತುಹೋದವರು ಅದೇ ಅಂಕದಲ್ಲಿ ಕಾಯುವುದಕ್ಕಿಂತ ಮತ್ತೊಮ್ಮೆ ಪರೀಕ್ಷೆ ಬರೆಯುವುದೇ ಲಾಭ. ಫಲಿತಾಂಶ ಎರಡು ವರ್ಷ, ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮ ಎಂದು ಹೇಳುವ ಮೌಲ್ಯಮಾಪನದ ವರದಿ ಐದು ವರ್ಷ ಊರ್ಜಿತ. ಮೌಲ್ಯಮಾಪನಕ್ಕೆ ಟ್ರಾನ್ಸ್‌ಕ್ರಿಪ್ಟ್ ಸಾಮಾನ್ಯವಾಗಿ ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಎಂಜಿನಿಯರಿಂಗ್ ಓದಿದವರು ಬೆಳಗಾವಿಯ ವಿಟಿಯುಗೆ ಅರ್ಜಿ ಹಾಕುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಲಿ.

ಕರೆ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು 60 ದಿನವಷ್ಟೇ ಇದೆ. ಇಲ್ಲಿ ಉಸಿರು ಕಟ್ಟುವುದು ಅನುಭವ ಪತ್ರಕ್ಕೆ. ನಮ್ಮ ಹೆಚ್ಚಿನ ಕಂಪನಿಗಳ ಎಚ್‌ಆರ್ ವಿಭಾಗ ಹುದ್ದೆ, ಸೇರಿದ ದಿನ, ಬಿಟ್ಟ ದಿನ ಮಾತ್ರ ಬರೆದು ಕೊಡುತ್ತದೆ. ಕೆನಡಾಕ್ಕೆ ಕೆಲಸದ ವಿವರ, ವಾರದ ಗಂಟೆ, ಸಂಬಳ ಎಲ್ಲವೂ ಬೇಕು. ಕಂಪನಿ ಕೊಡದಿದ್ದರೆ ಮೇಲಧಿಕಾರಿಯಿಂದ ಕೆಲಸದ ವಿವರ ಬರೆಸಿ, ಸಂಬಳದ ಚೀಟಿ ಮತ್ತು ಫಾರ್ಮ್ 16 ಜೊತೆ ಇಟ್ಟು, ಕಂಪನಿ ಪತ್ರ ಏಕೆ ಸಿಗಲಿಲ್ಲ ಎಂದು ಒಂದು ಪುಟದಲ್ಲಿ ವಿವರಿಸಿ. ಕೆನಡಾ ಸರ್ಕಾರದ ಉದ್ಯೋಗ ವರ್ಗೀಕರಣದಲ್ಲಿ ಆ ಹುದ್ದೆಗೆ ಕೊಟ್ಟಿರುವ ಕರ್ತವ್ಯಗಳ ಪಟ್ಟಿಯನ್ನು ಅಕ್ಷರಶಃ ನಕಲು ಮಾಡಿದ ಪತ್ರ ಅನುಮಾನ ಹುಟ್ಟಿಸುತ್ತದೆ. ಸುಳ್ಳು ಅನುಭವ ತೋರಿಸಿ ಸಿಕ್ಕಿಬಿದ್ದರೆ ಐದು ವರ್ಷ ನಿಷೇಧ.

ಅಲ್ಲಿ ನೆಲೆಯೂರಲು ಹಣವಿದೆ ಎಂಬ ಪುರಾವೆಗೂ ಇದೇ ಎಚ್ಚರ ಬೇಕು. ಬ್ಯಾಂಕ್ ಪತ್ರದಲ್ಲಿ ಆರು ತಿಂಗಳ ಸರಾಸರಿ ಶಿಲ್ಕು ಇರಬೇಕು. ಹಿಂದಿನ ವಾರ ಅಣ್ಣನೋ ಮಾವನೋ ಹಾಕಿದ ದೊಡ್ಡ ಮೊತ್ತವಿದ್ದರೆ ಅದು ಸಾಲವಲ್ಲ, ಉಡುಗೊರೆ ಎಂಬ ಪತ್ರ ಬೇಕು. ಸಾಲ ತಂದ ಹಣ ಲೆಕ್ಕಕ್ಕೆ ಬರುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕು. ಕಳೆದ 10 ವರ್ಷದಲ್ಲಿ ಸತತ ಆರು ತಿಂಗಳು ಬೇರೆ ದೇಶದಲ್ಲಿದ್ದರೆ ಆ ದೇಶದ್ದೂ ಬೇಕಾಗುತ್ತದೆ.

ದಿನ ಎಣಿಸುವ ಕ್ರಮ

ಪೌರತ್ವದ ಅರ್ಜಿಗೆ ಸಹಿ ಹಾಕಿದ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಿ. ಪಿಆರ್ ಆದ ಮೇಲೆ ಅಲ್ಲಿದ್ದ ಪ್ರತಿ ದಿನಕ್ಕೆ ಪೂರ್ತಿ ಒಂದು ದಿನ. ಅದಕ್ಕೆ ಮೊದಲು ವಿದ್ಯಾರ್ಥಿಯಾಗಿಯೋ ವರ್ಕ್ ಪರ್ಮಿಟ್ ಮೇಲೋ ಇದ್ದ ಪ್ರತಿ ದಿನಕ್ಕೆ ಅರ್ಧ ದಿನ. ಇದರ ಮಿತಿ 365. ಪರ್ಮಿಟ್ ಮುಗಿದು ಸ್ಟೇಟಸ್ ತಪ್ಪಿದ್ದ ದಿನಗಳಿಗೆ ಸೊನ್ನೆ. ಪ್ರವಾಸ ಹೋದಾಗ ಹೊರಟ ದಿನ, ಮರಳಿದ ದಿನ ಎರಡೂ ಕೆನಡಾದ ಲೆಕ್ಕಕ್ಕೇ ಸೇರುತ್ತವೆ. ನಡುವಿನ ದಿನಗಳಷ್ಟೇ ಗೈರುಹಾಜರಿ.

ಒಂದು ಲೆಕ್ಕ ನೋಡಿ. 2020ರ ಸೆಪ್ಟೆಂಬರ್ 1ಕ್ಕೆ ವಿದ್ಯಾರ್ಥಿಯಾಗಿ ಬಂದವರು 2023ರ ಸೆಪ್ಟೆಂಬರ್ 1ಕ್ಕೆ ಪಿಆರ್ ಆದರು ಎನ್ನಿ. ಮೊದಲ ಮೂರು ವರ್ಷದ ಅರ್ಧ ದಿನಗಳು 365ರ ಮಿತಿ ಮುಟ್ಟಿವೆ. ಉಳಿದದ್ದು 730. ಎಲ್ಲಿಗೂ ಹೋಗದಿದ್ದರೆ 2025ರ ಆಗಸ್ಟ್ 30ಕ್ಕೆ ಅದು ತುಂಬುತ್ತದೆ. ಆದರೆ ಅವರು ತಂಗಿಯ ಮದುವೆಗೆಂದು 2024ರ ಡಿಸೆಂಬರ್ 10ಕ್ಕೆ ಶಿವಮೊಗ್ಗಕ್ಕೆ ಹೊರಟು ಜನವರಿ 20ಕ್ಕೆ ಮರಳಿದ್ದರೆ 40 ದಿನ ಕಡಿತ. ಆಗ ದಿನಗಳು ತುಂಬುವುದು 2025ರ ಅಕ್ಟೋಬರ್ 9ಕ್ಕೆ. ಸಹಿಯ ದಿನ ಲೆಕ್ಕಕ್ಕಿಲ್ಲ, ಹಾಗಾಗಿ ಅಕ್ಟೋಬರ್ 10ಕ್ಕೆ ಮೊದಲು ಸಹಿ ಹಾಕಿದರೆ ಅರ್ಜಿ ಊರ್ಜಿತವಾಗುವುದಿಲ್ಲ. ಒಂದು ದಿನ ಕಡಿಮೆ ಇದ್ದರೂ ರಿಯಾಯಿತಿ ನಿರೀಕ್ಷಿಸಬೇಡಿ. ಮರೆತ ಒಂದು ಅಮೆರಿಕ ಪ್ರವಾಸ ಸಾಕು ಲೆಕ್ಕ ಕೆಡಲು. ಎರಡು ಮೂರು ವಾರ ಹೆಚ್ಚುವರಿ ಇಟ್ಟುಕೊಂಡೇ ಸಹಿ ಹಾಕಿ.

ಇನ್ನೊಂದು ಸೂಕ್ಷ್ಮ ಇದೆ. ಐದು ವರ್ಷದ ಕಿಟಕಿ ದಿನಾ ಮುಂದೆ ಜರುಗುತ್ತದೆ. ಪಿಆರ್ ಆದ ಕೂಡಲೇ ವರ್ಷಗಟ್ಟಲೆ ಊರಿನಲ್ಲಿ ಉಳಿದರೆ, ವಿದ್ಯಾರ್ಥಿ ದಿನಗಳಲ್ಲಿ ಗಳಿಸಿದ ಅರ್ಧ ದಿನಗಳು ಕಿಟಕಿಯಿಂದ ಆಚೆ ಬಿದ್ದುಹೋಗುತ್ತವೆ.

ಸರ್ಕಾರದ ಜಾಲತಾಣದಲ್ಲಿರುವ ಕ್ಯಾಲ್ಕುಲೇಟರ್‌ನಲ್ಲಿ ಈ ಲೆಕ್ಕ ಮಾಡಿ, ಅದೇ ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕು. ಪ್ರತಿ ಪ್ರವಾಸದ ದಿನಾಂಕವನ್ನು ಆಗಲೇ ಬರೆದಿಟ್ಟುಕೊಳ್ಳಿ, ವಿಮಾನದ ಟಿಕೆಟ್ ಇಮೇಲ್‌ಗಳನ್ನು ಅಳಿಸಬೇಡಿ, ರದ್ದಾದ ಹಳೆಯ ಪಾಸ್‌ಪೋರ್ಟನ್ನೂ ಎಸೆಯಬೇಡಿ. ಮುದ್ರೆ ಇಲ್ಲದ ಪುಟಗಳನ್ನೂ ಸೇರಿಸಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡಿ.

ಅರ್ಜಿ, ಪರೀಕ್ಷೆ, ಪ್ರಮಾಣ

ದಿನಗಳ ಜೊತೆಗೆ, ಈ ಐದು ವರ್ಷದೊಳಗೆ ಕನಿಷ್ಠ ಮೂರು ವರ್ಷದ ಆದಾಯ ತೆರಿಗೆ ವಿವರ ಸಲ್ಲಿಕೆಯಾಗಿರಬೇಕು. ಹಿಂದಿನ ನಾಲ್ಕು ವರ್ಷದಲ್ಲಿ ಸತತ 183 ದಿನ ಬೇರೆ ದೇಶದಲ್ಲಿದ್ದವರಿಗೆ ಅಲ್ಲಿನ ಪೊಲೀಸ್ ಪ್ರಮಾಣಪತ್ರ ಬೇಕು. 18ರಿಂದ 54 ವರ್ಷದವರು ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಮಾತಾಡಿ, ಕೇಳಿ ಅರ್ಥಮಾಡಿಕೊಳ್ಳಬಲ್ಲೆವು ಎಂದು ತೋರಿಸಬೇಕು. ಇದಕ್ಕೆ ಕೆನಡಾದ ಅದೇ ಭಾಷಾ ಮಾನದಂಡದಲ್ಲಿ 4ನೇ ಮಟ್ಟ ಸಾಕು. ಅವಧಿ ಮುಗಿದ ಐಇಎಲ್‌ಟಿಎಸ್ ಫಲಿತಾಂಶವೂ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪದವಿಯ ದಾಖಲೆಯೂ ನಡೆಯುತ್ತದೆ. ಹೊಸದಾಗಿ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಿಕೊಳ್ಳಿ. ವಯಸ್ಕರ ಶುಲ್ಕ ಸುಮಾರು 650 ಕೆನಡಾ ಡಾಲರ್, 18 ತುಂಬದವರಿಗೆ 100.

ಪೌರತ್ವ ಪರೀಕ್ಷೆಯಲ್ಲಿ 20 ಪ್ರಶ್ನೆ, 45 ನಿಮಿಷ, ಪಾಸಾಗಲು 15 ಸರಿ ಉತ್ತರ. ಎಲ್ಲವೂ ಸರ್ಕಾರ ಉಚಿತವಾಗಿ ಕೊಡುವ ‘ಡಿಸ್ಕವರ್ ಕೆನಡಾ’ ಪುಸ್ತಿಕೆಯಿಂದಲೇ. 1867ರಲ್ಲಿ ಒಕ್ಕೂಟ ಸೇರಿದ ಪ್ರಾಂತ್ಯಗಳು, 1982ರ ಹಕ್ಕುಗಳ ಸನ್ನದು, ಸಂಸತ್ತಿನ ರಚನೆ, ಮೂಲನಿವಾಸಿಗಳ ಇತಿಹಾಸ ಇವುಗಳ ಮೇಲೆ ಗಮನವಿರಲಿ. ಪ್ರಾಂತ್ಯಗಳ ರಾಜಧಾನಿಗಳನ್ನೂ ಬಾಯಿಪಾಠ ಮಾಡಿ.

ಪರೀಕ್ಷೆ ಪಾಸಾದರೂ ಪ್ರಮಾಣವಚನ ಸ್ವೀಕರಿಸುವವರೆಗೆ ನೀವು ಪ್ರಜೆಯಲ್ಲ. 14 ವರ್ಷ ಮೇಲ್ಪಟ್ಟವರೆಲ್ಲ ಪ್ರಮಾಣ ಮಾಡಬೇಕು. ವಿಡಿಯೊ ಮೂಲಕ ಸಮಾರಂಭ ನಡೆದರೂ ನೀವು ಕೆನಡಾದೊಳಗೇ ಇರಬೇಕು. ರಜೆಗೆಂದು ಊರಿಗೆ ಬಂದಾಗ ಸಮಾರಂಭದ ಪತ್ರ ಬಂದರೆ ದಿನಾಂಕ ಬದಲಿಸಲು ತಕ್ಷಣ ಬರೆಯಿರಿ.

ಆ ದಿನದಿಂದ ಭಾರತದ ಲೆಕ್ಕ

ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಬೇರೆ ದೇಶದ ಪೌರತ್ವ ಸ್ವಇಚ್ಛೆಯಿಂದ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ವರ್ಷ ಅವಧಿ ಉಳಿದಿದ್ದರೂ ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ. ಮಾಡಿದರೆ ದಂಡ ಬೀಳುತ್ತದೆ. ಅದನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು. ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ, ಆಜೀವ ವೀಸಾದಂಥ ಓಸಿಐ ಕಾರ್ಡಿನ ಅರ್ಜಿಗೆ ಅದು ಬೇಕೇ ಬೇಕು.

ನಿಜವಾದ ಸಂಕಟ ಈ ನಡುವಿನ ವಾರಗಳಲ್ಲಿ. ಕೆನಡಾ ಪಾಸ್‌ಪೋರ್ಟ್ ಬಂದಿಲ್ಲ, ಓಸಿಐ ದೂರ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ಆದ್ದರಿಂದ ಪ್ರಮಾಣವಚನ ಮುಗಿದು ಪ್ರಮಾಣಪತ್ರ ಕೈಸೇರಿದ ಕೂಡಲೇ ಕೆನಡಾ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಅದೊಂದು ಕೈಯಲ್ಲಿದ್ದರೆ ಓಸಿಐ ಬರುವ ಮೊದಲೂ ಭಾರತದ ವೀಸಾ ಪಡೆದು ಬರಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಗಂಡ, ಹೆಂಡತಿ ಇಬ್ಬರೂ ಒಂದೇ ದಿನ ಪ್ರಮಾಣ ಮಾಡುವುದಕ್ಕಿಂತ, ಒಬ್ಬರು ಕೆಲವು ತಿಂಗಳು ತಡವಾಗಿ ಅರ್ಜಿ ಹಾಕುವುದು ಒಳ್ಳೆಯದು. ಒಬ್ಬರಾದರೂ ಭಾರತದ ಪಾಸ್‌ಪೋರ್ಟ್ ಮೇಲೆ ಹೊರಡಬಹುದು.

ಓಸಿಐ ಇದ್ದವರಿಗೆ ಮತ ಇಲ್ಲ, ಹಾಗಾಗಿ ಊರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ. ಕೊಡಗು, ಚಿಕ್ಕಮಗಳೂರು, ಮಲೆನಾಡಿನವರು ಗಮನಿಸಬೇಕಾದ್ದು ಜಮೀನಿನ ವಿಷಯ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಕರ್ನಾಟಕ 2020ರಲ್ಲಿ ದಾರಿ ತೆರೆದರೂ, ವಿದೇಶಿ ವಿನಿಮಯದ ಕಾನೂನಿನಡಿ ಓಸಿಐ ಇದ್ದವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹೊರದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಗೂ ಇದೇ ನಿರ್ಬಂಧ. ಪಿತ್ರಾರ್ಜಿತವಾಗಿ ಬಂದ ಕಾಫಿ ತೋಟವನ್ನೋ ಅಡಿಕೆ ತೋಟವನ್ನೋ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಮಾರುವಾಗ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ, ಪ್ರಮಾಣವಚನಕ್ಕೆ ಮೊದಲೇ ಒಮ್ಮೆ ಊರಿಗೆ ಬಂದು ಪೌತಿ ಖಾತೆ ಮಾಡಿಸಿಕೊಂಡು ಹೋಗಿ. ಆ ಪ್ರವಾಸ ಪೌರತ್ವದ ಅರ್ಜಿಗೆ ಸಹಿ ಹಾಕುವ ಮೊದಲಿನದಾದರೆ ಅದರ ದಿನಗಳನ್ನು 1,095ರ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ.