ಕಾರಿಡಾರ್ ಫೈಟ್ ಒಂದೇ ಟೇಕಿನಲ್ಲಿ: ತುಮಕೂರಿನಲ್ಲಿ ತೆಗೆಯುವವರಿಗೆ

ಅಮೆರಿಕದ ಸೂಪರ್‌ಹೀರೋ ವೆಬ್ ಸರಣಿ ‘ಡೇರ್‌ಡೆವಿಲ್’ನ ಮೊದಲ ಸೀಸನ್ನಿನ ಎರಡನೇ ಕಂತು ‘ಕಟ್ ಮ್ಯಾನ್’. 2015ರ ಏಪ್ರಿಲ್‌ನಲ್ಲಿ ಬಂದಿದ್ದು, ನಿರ್ದೇಶನ ಫಿಲ್ ಅಬ್ರಹಾಂ ಅವರದು. ಆಗಲೇ ಮೈತುಂಬ ಪೆಟ್ಟು ತಿಂದಿರುವ ನಾಯಕ, ಕಂತಿನ ಕೊನೆಯಲ್ಲಿ ಅಪಹರಣವಾದ ಹುಡುಗನನ್ನು ಬಿಡಿಸಿಕೊಂಡು ಬರಲು ಒಬ್ಬನೇ ಹೋಗುತ್ತಾನೆ. ಇಕ್ಕಟ್ಟಿನ ಕಾರಿಡಾರ್, ಸುಮಾರು ಮೂರು ನಿಮಿಷದ ಹೊಡೆದಾಟ, ಎಲ್ಲೂ ಕಟ್ ಕಾಣುವುದಿಲ್ಲ. ಕಿರುಚಿತ್ರ, ವೆಬ್ ಸೀರೀಸ್ ಮಾಡುವ ಹುಡುಗರು ಇದನ್ನು ನೋಡಿ ತಿಂಗಳುಗಟ್ಟಲೆ ಒದೆಯುವುದನ್ನೇ ಪ್ರಾಕ್ಟೀಸ್ ಮಾಡುತ್ತಾರೆ. ಆದರೆ ಆ ದೃಶ್ಯವನ್ನು ಎತ್ತಿ ಹಿಡಿದಿರುವುದು ಒದೆತವಲ್ಲ, ಸುಸ್ತು. ನಾಯಕ ಏದುಸಿರು ಬಿಡುತ್ತಾನೆ, ಗೋಡೆಗೆ ಒರಗುತ್ತಾನೆ, ಬಿದ್ದವರು ಮತ್ತೆ ಎದ್ದು ಬರುತ್ತಾರೆ. ಇದು ಗೊತ್ತಾದರೆ ಸಣ್ಣ ತಂಡಕ್ಕೂ ಇದು ಕೈಗೆಟುಕುವ ಕೆಲಸ. ಸುಸ್ತಾದವನ ಏಟು ನಿಧಾನ, ನಿಧಾನದ ಏಟನ್ನು ಸ್ಟಂಟ್ ಕಲಿಯದವನೂ ಸರಿಯಾಗಿ ಹಾಕಬಲ್ಲ.

ಕೆಲಸ ಶುರು ಮಾಡುವ ಮೊದಲು ಆ ದೃಶ್ಯವನ್ನು ಮೂರು ಸಲ ನೋಡಿ. ಮೊದಲ ಸಲ ಸೌಂಡ್ ಆಫ್ ಮಾಡಿ, ಜನ ಯಾವ ಬಾಗಿಲಿಂದ ಒಳಗೆ ಹೋಗುತ್ತಾರೆ, ಯಾವಾಗ ಹೊರಗೆ ಬರುತ್ತಾರೆ ಅಂತ ಬರೆದುಕೊಳ್ಳಿ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಮೂರನೇ ಸಲ ನಾಯಕ ಸುಮ್ಮನೆ ನಿಂತಿರುವ ಕ್ಷಣಗಳನ್ನು ಎಣಿಸಿ. ಹೊಡೆದಾಟದ ಒಂದಷ್ಟು ಭಾಗ ರೂಮಿನ ಒಳಗೇ ನಡೆಯುತ್ತದೆ, ಕ್ಯಾಮೆರಾ ಮಾತ್ರ ಕಾರಿಡಾರ್ ಬಿಟ್ಟು ಹೋಗುವುದಿಲ್ಲ. ನಟರಿಗೆ ಉಸಿರು ಸಿಗುವುದು ಅಲ್ಲಿ. ನಾಯಕ ಚಾರ್ಲಿ ಕಾಕ್ಸ್ ಮತ್ತು ಡ್ಯೂಪ್ ಕ್ರಿಸ್ ಬ್ರೂಸ್ಟರ್ ಅದಲುಬದಲಾಗುವುದೂ ಇಂಥ ಮರೆಯಲ್ಲೇ. ಮುಖದ ಮೇಲಿನ ಕಪ್ಪು ಬಟ್ಟೆ ಆ ಬದಲಾವಣೆಯನ್ನು ಮುಚ್ಚುತ್ತದೆ.

ಜಾಗಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಮಂಡಿಪೇಟೆ ಕಡೆಯ ಹಳೇ ಗೋದಾಮು, ಬಿ.ಎಚ್. ರಸ್ತೆ ಸುತ್ತಿನ ಹಳೇ ಲಾಡ್ಜ್, ಇಲ್ಲವೇ ಯಾವುದಾದರೂ ಕಲ್ಯಾಣ ಮಂಟಪದ ರೂಮುಗಳ ಸಾಲು ಸಾಕು. ಆಷಾಢದಲ್ಲಿ ಮದುವೆಗಳಿಲ್ಲದೆ ಮಂಟಪ ಖಾಲಿ ಇರುತ್ತದೆ, ಬಾಡಿಗೆ ಮಾತಾಡಲು ಅದೇ ಒಳ್ಳೇ ಸಮಯ. ಅಗಲ 5ರಿಂದ 6 ಅಡಿ ಇರಲಿ. 4 ಅಡಿಗಿಂತ ಕಮ್ಮಿಯಾದರೆ ಮೊಣಕೈ ಗೋಡೆಗೆ ಬಡಿಯುತ್ತದೆ, 8 ಅಡಿ ದಾಟಿದರೆ ಇಕ್ಕಟ್ಟೇ ಹೋಗಿ ಹಜಾರದಂತೆ ಕಾಣುತ್ತದೆ. ಉದ್ದ 35–40 ಅಡಿ, ಕನಿಷ್ಠ ಮೂರು ಬಾಗಿಲು, ಮೂರೂ ಒಳಕ್ಕೆ ತೆರೆಯುವಂಥವು.

ಬಾಗಿಲನ್ನು ಹತ್ತಿರ ಹೋಗಿ ನೋಡಿ. ಹೊಸ್ತಿಲು ಎರಡಿಂಚು ಎತ್ತರವಿದ್ದರೂ ಹಿಂದಕ್ಕೆ ಹೆಜ್ಜೆ ಇಡುವವನ ಹಿಮ್ಮಡಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ಎರಡೂ ಬದಿಗೆ ಇಳಿಜಾರಾಗಿ ಹಲಗೆ ಕೂರಿಸಿ, ಮೇಲೆ ಕಪ್ಪು ಮ್ಯಾಟ್ ಹಾಸಿ. ಚಿಲಕ ಸೊಂಟದ ಎತ್ತರಕ್ಕೆ ಚಾಚಿಕೊಂಡಿರುತ್ತದೆ, ಬಾಗಿಲಿಗೆ ತಳ್ಳಿಸಿಕೊಂಡವನ ಪಕ್ಕೆಗೆ ತಗಲುವುದು ಅದೇ. ಬಿಚ್ಚಿಡಿ, ಆಗದಿದ್ದರೆ ಫೋಮ್ ಸುತ್ತಿ ಬಾಗಿಲಿನ ಬಣ್ಣದ್ದೇ ಟೇಪ್ ಹಾಕಿ. ನೆಲ ನುಣುಪಾದ ಟೈಲ್ಸ್ ಆಗಿದ್ದರೆ ಎಲ್ಲರಿಗೂ ರಬ್ಬರ್ ಸೋಲಿನ ಬೂಟು ಇರಲೇಬೇಕು.

ಇನ್ನು ಏಟಿನ ವಿಷಯ. ತೆರೆಯ ಮೇಲೆ ಗುದ್ದು ಸುಳ್ಳು ಅನ್ನಿಸುವುದು ಮುಷ್ಟಿಗೂ ಕೆನ್ನೆಗೂ ನಡುವಿನ ಸಂದು ಕಂಡಾಗ. ಇಬ್ಬರನ್ನೂ ಪಕ್ಕದಿಂದ ತೆಗೆದರೆ ಆ ಸಂದು ಕಂಡೇ ಕಾಣುತ್ತದೆ. ಕಾರಿಡಾರ್‌ನಲ್ಲಿ ಕ್ಯಾಮೆರಾ ಒಂದು ತುದಿಯಲ್ಲಿ, ಜನ ಅದರ ನೇರಕ್ಕೆ ಒಬ್ಬರ ಹಿಂದೊಬ್ಬರು. ಹೊಡೆಯುವವನ ಬೆನ್ನೋ ತಿನ್ನುವವನ ಬೆನ್ನೋ ನಮ್ಮ ಕಡೆಗಿರುತ್ತದೆ, ಸಂದು ತಾನಾಗಿಯೇ ಮರೆಯಾಗುತ್ತದೆ. ಒಂದು ಗೇಣು ದೂರ ಬಿಟ್ಟು, ಮುಷ್ಟಿ ಮುಖದ ಮುಂದೆ ಅಡ್ಡ ಹಾದುಹೋಗಲಿ. ದೃಶ್ಯವನ್ನು ನಂಬಿಸುವುದು ಹೊಡೆಯುವವನ ಜೋರಲ್ಲ, ತಿನ್ನುವವನ ರಿಯಾಕ್ಷನ್. ಮೊದಲು ತಲೆ ತಿರುಗಬೇಕು, ಆಮೇಲೆ ಭುಜ, ಕೊನೆಗೆ ಕಾಲು. ಮೂರೂ ಒಟ್ಟಿಗೆ ತಿರುಗಿದರೆ ಕುಣಿತದಂತೆ ಕಾಣುತ್ತದೆ.

ನಟರ ಆಯ್ಕೆಯಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ. ಹಳ್ಳಿಹಳ್ಳಿಯಲ್ಲೂ ಕುರುಕ್ಷೇತ್ರ ನಾಟಕ ಆಡುವ ಊರುಗಳು ಇವು. ಭೀಮ–ದುರ್ಯೋಧನರ ಗದಾಯುದ್ಧ ಮಾಡಿದವರಿಗೆ ಟೈಮಿಂಗ್ ರಕ್ತದಲ್ಲೇ ಇರುತ್ತದೆ. ಆದರೆ ಪ್ರತಿ ಏಟಿಗೂ ಪ್ರೇಕ್ಷಕರ ಕಡೆ ಮುಖ ಮಾಡುವುದು, ಕೈಯನ್ನು ಪೂರಾ ಎತ್ತುವುದು ಅವರ ಅಭ್ಯಾಸ. ಆ ಎರಡನ್ನು ಬಿಡಿಸಲು ಮೂರ್ನಾಲ್ಕು ದಿನ ಇಟ್ಟುಕೊಳ್ಳಿ. ಕಬಡ್ಡಿ ಹುಡುಗರು ಬೀಳುವುದರಲ್ಲಿ ಗಟ್ಟಿಗರು. ಅವರ ತೊಂದರೆ ಒಂದೇ, ಕೈಗೆ ಸಿಕ್ಕವನನ್ನು ನಿಜವಾಗಿಯೇ ಹಿಡಿದು ಎಳೆಯುತ್ತಾರೆ.

ಮೂರು ನಿಮಿಷವನ್ನು ಆರು ತುಂಡು ಮಾಡಿ. ಒಂದೊಂದು ತುಂಡಿನಲ್ಲೂ ಎಂಟಕ್ಕಿಂತ ಹೆಚ್ಚು ಏಟು ಬೇಡ, ಕೊನೆಗೆ ಒಂದು ಒರಗುವ ಜಾಗ ಅಥವಾ ಬಾಗಿಲು ಇರಲಿ. ಯಾವುದಾದರೂ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅದೇ ಅಳತೆಯ ಕಾರಿಡಾರ್ ಎಳೆದು, ಎಂಟು ಹತ್ತು ದಿನ ರಿಹರ್ಸಲ್ ಮಾಡಿ. ಮೊದಲ ಮೂರು ದಿನ ಕಾಲು ಸ್ಪೀಡು, ಆಮೇಲೆ ಅರ್ಧ, ಕೊನೆಯ ಎರಡು ದಿನ ಪೂರ್ತಿ. ಜಾಗ ಸಿಕ್ಕಿದ ಮೇಲೆ ಕ್ಯಾಮೆರಾ ಹಿಡಿಯುವವರೂ ನಟರ ಜೊತೆಗೇ ಹೆಜ್ಜೆ ಕಲಿಯಬೇಕು. ಅವರು ಹಿಂದಕ್ಕೆ ನಡೆಯುವಾಗ ಸೊಂಟದ ಬೆಲ್ಟು ಹಿಡಿದು ನಡೆಸಲು ಒಬ್ಬರು ಬೇಕೇ ಬೇಕು.

ಕ್ಯಾಮೆರಾಗೆ ಗಿಂಬಲ್ (ನಡೆಯುವಾಗ ಚಿತ್ರ ಕುಲುಕದಂತೆ ಹಿಡಿಯುವ ಸಾಧನ), ಫುಲ್ ಫ್ರೇಮ್ ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ ಆದರೆ 24 ಎಂಎಂ ಲೆನ್ಸ್. ಲೆನ್ಸಿನ ಅಪರ್ಚರ್ ಎಫ್4ಕ್ಕಿಟ್ಟು ಫೋಕಸ್ಸನ್ನು 8 ಅಡಿಗೆ ಲಾಕ್ ಮಾಡಿದರೆ ಹೆಚ್ಚುಕಮ್ಮಿ 5ರಿಂದ 16 ಅಡಿವರೆಗೆ ಚೊಕ್ಕವಾಗಿರುತ್ತದೆ. ಆಟೋ ಫೋಕಸ್ ನೆಚ್ಚಿಕೊಂಡರೆ ನಡುವೆ ಯಾರದೋ ಭುಜ ಅಡ್ಡ ಬಂದು ಇಡೀ ಟೇಕ್ ಹಾಳು. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್, ಶಟರ್ 1/60ಕ್ಕೆ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುತ್ತದೆ. ಅಗ್ಗದ ಎಲ್ಇಡಿ ಬಲ್ಬುಗಳಲ್ಲಿ ಕೆಲವು ಏನು ಮಾಡಿದರೂ ಮಿಣುಕುತ್ತವೆ, ಕೊಳ್ಳುವಾಗಲೇ ಕ್ಯಾಮೆರಾ ಹಿಡಿದು ನೋಡಿ. ಮೇಲೆ ಮೂರು ಹಳದಿ ಬಲ್ಬು, ನಡುನಡುವೆ ಕತ್ತಲ ಪಟ್ಟಿ ಇರಲಿ. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡೂ ಲಾಕ್. ಫೋನಿನಲ್ಲಿ ತೆಗೆಯುವವರು ಇದನ್ನು ಮರೆತರೆ ಪ್ರತಿ ಬಲ್ಬಿನ ಕೆಳಗೂ ಚಿತ್ರ ಬೆಳಗಿ ಮಂಕಾಗುತ್ತದೆ.

ರಕ್ತಕ್ಕೆ ಕುಂಕುಮದ ನೀರು ಬೇಡ, ಕಣ್ಣು ಉರಿಯುತ್ತದೆ, ಒಣಗಿದರೆ ಪುಡಿಯಾಗಿ ಉದುರುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲೂಕೋಸ್ ಸಿಗುತ್ತದೆ. 200 ಗ್ರಾಂಗೆ ಮೂರು ಚಮಚ ಬೆಚ್ಚಗಿನ ನೀರು, ಒಂದು ಚಿಕ್ಕ ಚಮಚ ಕೆಂಪು ಫುಡ್ ಕಲರ್, ಅರ್ಧ ಚಮಚ ಕೋಕೋ ಪುಡಿ, ಒಂದೇ ಹನಿ ನೀಲಿ ಬಣ್ಣ. ಕೋಕೋ ಬಿಟ್ಟರೆ ಗುಲಾಬಿ ಶರಬತ್ತಿನಂತೆ ಹೊಳೆಯುತ್ತದೆ. ಬಾಯಿಗೆ ಹೋದರೂ ತೊಂದರೆಯಿಲ್ಲ. ಸುಣ್ಣ ಬಳಿದ ಗೋಡೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಮಾಲೀಕರಿಗೆ ಮೊದಲೇ ಹೇಳಿ ಅದೇ ಬಣ್ಣದ ಡಬ್ಬಿ ಇಟ್ಟುಕೊಂಡಿರಿ.

ಆ ಕಂತಿನಲ್ಲಿ ರೂಮಿನಿಂದ ಒಂದು ಮೈಕ್ರೋವೇವ್ ಹಾರಿ ಬರುತ್ತದೆ. ಇಲ್ಲಿ ಸ್ಟೀಲ್ ಬಣ್ಣ ಬಳಿದ ಪ್ಲಾಸ್ಟಿಕ್ ಬಿಂದಿಗೆ ಎಸೆಯಿರಿ. ಠಣ್ ಅನ್ನುವ ಸದ್ದನ್ನು ನಿಜವಾದ ಬಿಂದಿಗೆಯಿಂದ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಿ.

ಬೀಳುವ ಕಡೆ ಬರೀ ತೆಂಗಿನ ನಾರಿನ ಹಾಸಿಗೆ ಸಾಲದು, ಅದು ಗಟ್ಟಿ. ಅದರ ಮೇಲೆ ಆರಿಂಚು ಫೋಮ್ ಬೇಕು, ಹಾಸಿಗೆಯೂ ಫೋಮೂ ರೂಮಿನೊಳಗೆ ಕ್ಯಾಮೆರಾಗೆ ಕಾಣದ ಹಾಗಿರಲಿ. ಎಲ್ಲರ ಬಟ್ಟೆಯೊಳಗೆ ಮೊಣಕಾಲು, ಮೊಣಕೈ ಪ್ಯಾಡು. ನೋವಿನ ಕೂಗು ನಟನೆಯೋ ನಿಜವೋ ತಿಳಿಯದ ಕಾರಣ, ನಿಜವಾಗಿ ಪೆಟ್ಟಾದರೆ ಕೂಗಲು ಒಂದು ಸಂಕೇತದ ಮಾತು ಗೊತ್ತು ಮಾಡಿ. ಅದನ್ನು ಯಾರು ಕೂಗಿದರೂ ಶೂಟಿಂಗ್ ನಿಲ್ಲಬೇಕು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಾಹಸದೃಶ್ಯ ತೆಗೆಯುವಾಗ ಇಬ್ಬರು ಕನ್ನಡ ನಟರು ಮುಳುಗಿ ತೀರಿಕೊಂಡರು. ನಟನೊಬ್ಬ ‘ಭಯ ಆಗ್ತಿದೆ’ ಅಂದರೆ ಆ ಏಟನ್ನು ಕೈಬಿಡಿ, ಒತ್ತಾಯ ಬೇಡ. ಒಂದು ವಾಹನ ಡ್ರೈವರ್ ಸಮೇತ ಗೇಟಿನ ಬಳಿ ನಿಂತಿರಲಿ. ರಾತ್ರಿ ಕೂಗಾಟ ಕೇಳಿ ಅಕ್ಕಪಕ್ಕದವರು ಗಾಬರಿಯಾಗದಂತೆ ಠಾಣೆಗೂ ನೆರೆಯವರಿಗೂ ಮುಂಚೆಯೇ ತಿಳಿಸಿ, ಠಾಣೆಗೆ ಬರಹದಲ್ಲೇ ಕೊಡಿ.

ಒಂದು ರಾತ್ರಿಗೆ ಆರು ಟೇಕ್ ಮಿತಿ, ನಡುವೆ ಇಪ್ಪತ್ತು ನಿಮಿಷ ಬಿಡುವು. ಏಳನೆಯದರಿಂದ ಕಾಲು ಸೋತು ಟೈಮಿಂಗ್ ಜಾರುತ್ತದೆ, ಪೆಟ್ಟಾಗುವುದು ಆಗಲೇ.

ಗುದ್ದಿನ ಸದ್ದಿಗೆ ಒದ್ದೆ ಟವೆಲ್ಲನ್ನು ನಾರು ತುಂಬಿದ ಗೋಣಿಚೀಲದ ಮೇಲೆ ಬಡಿಯಿರಿ, ಮೂಳೆ ಮುರಿತಕ್ಕೆ ಎಳೇ ನುಗ್ಗೆಕಾಯಿ ಮುರಿಯಿರಿ. ಉಸಿರಿನ ಸದ್ದು ಮಾತ್ರ ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾಡಿದರೆ ಬರುವುದಿಲ್ಲ. ಟೇಕ್ ಓಕೆ ಆದ ಕೂಡಲೇ ಎಲ್ಲರನ್ನೂ ಸುಮ್ಮನಿರಿಸಿ, ಫ್ಯಾನ್ ಆರಿಸಿ, ಗೋಡೆಗೆ ಒರಗಿ ಕೂತ ನಾಯಕನ ಬಾಯಿಂದ ಒಂದು ಗೇಣು ದೂರಕ್ಕೆ ಮೈಕ್ ಹಿಡಿದು ಒಂದು ನಿಮಿಷ ರೆಕಾರ್ಡ್ ಮಾಡಿ. ನೀರು ಆಮೇಲೆ ಕೊಡಿ.