ಪ್ಲೇಟಿನಲ್ಲಿ ಕ್ಯಾನ್ಸರ್ ಕೋಶ ಸತ್ತಿತು, ಕೊಂದದ್ದು ಗ್ರೀನ್ ಟೀಯೇನಾ? (ನನ್ನ ಅನುಭವ)

ಗ್ರೀನ್ ಟೀಯಲ್ಲಿರುವ ಕ್ಯಾಟೆಚಿನ್ ಎಂಬ ಸಸ್ಯ ಸಂಯುಕ್ತಗಳಲ್ಲಿ ಪ್ರಮಾಣದಲ್ಲಿ ಮುಂದಿರುವುದು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದು ಇಜಿಸಿಜಿ. ಪ್ಲೇಟಿನಲ್ಲಿ ಬೆಳೆದ ಕ್ಯಾನ್ಸರ್ ಕೋಶಗಳಿಗೆ ಇದನ್ನು 100 ಮೈಕ್ರೊಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ; ಸಾವಿರ ಮೈಕ್ರೊಮೋಲಾರ್ ಸೇರಿದರೆ ಒಂದು ಮಿಲಿಮೋಲಾರ್) ಹಾಕಿದರೆ ಬೆಳವಣಿಗೆ ಕುಗ್ಗುವುದನ್ನು ಯಾರು ಬೇಕಾದರೂ ತೋರಿಸಬಹುದು. ಯಾವುದರಿಂದ ಕುಗ್ಗಿತು ಎಂದು ತೋರಿಸುವುದರಲ್ಲೇ ಕೆಲಸವಿರುವುದು. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದ ಎಚ್‌ಟಿ-29 ಕೋಶಗಳಲ್ಲಿ ನಾನು ಮಾಡುವ ಕ್ರಮ ಹೀಗಿದೆ.

ಮೊದಲು ಸ್ಟಾಕ್, ಅಂದರೆ ಮುಂದೆ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ. ಇಜಿಸಿಜಿಯ ಅಣುತೂಕ 458.4. ಅದರ 22.9 ಮಿಲಿಗ್ರಾಂ ಪುಡಿ 1 ಮಿಲಿಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿದರೆ 50 ಮಿಲಿಮೋಲಾರ್ ಆಗುತ್ತದೆ. ಬಹಳ ಮಂದಿ 10 ಮಿಲಿಮೋಲಾರ್ ಮಾಡಿಕೊಂಡು ಸಿಕ್ಕಿಬೀಳುತ್ತಾರೆ: 100 ಮೈಕ್ರೊಮೋಲಾರ್ ಡೋಸ್‌ಗೆ ಬಂದಾಗ ಡಿಎಂಎಸ್‌ಒ ಶೇ. 1 ಆಗಿರುತ್ತದೆ, ಆ ದ್ರಾವಕವೇ ಕೋಶಗಳನ್ನು ಕಾಡುತ್ತದೆ. 50ರ ಸ್ಟಾಕ್‌ನಲ್ಲಿ ಅದು ಶೇ. 0.2. ಕಂಟ್ರೋಲ್ (ಹೋಲಿಕೆಗೆಂದು ಇಜಿಸಿಜಿ ಹಾಕದೆ ಇಟ್ಟದ್ದು) ಸೇರಿ ಪ್ಲೇಟಿನ ಎಲ್ಲ ಬಾವಿಗಳಿಗೂ (ಕೋಶ ಬೆಳೆಸುವ ಸಣ್ಣ ಗುಳಿಗಳಿಗೂ) ಇಷ್ಟೇ ಡಿಎಂಎಸ್‌ಒ ಹೋಗಬೇಕು. 20 ಮೈಕ್ರೊಲೀಟರ್‌ನ ಸಣ್ಣ ಟ್ಯೂಬುಗಳಾಗಿ ಹಂಚಿ, ಕತ್ತಲಲ್ಲಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡಬೇಡಿ. ಕಂದು ತಿರುಗಿದ್ದರೆ ಚೆಲ್ಲಿಬಿಡಿ.

96 ಬಾವಿಯ ಪ್ಲೇಟಿನಲ್ಲಿ ಪ್ರತಿ ಬಾವಿಗೆ 5,000 ಕೋಶ, 100 ಮೈಕ್ರೊಲೀಟರ್ ಮೀಡಿಯಂ (ಕೋಶಗಳ ಪೋಷಕ ದ್ರವ). ಅಂಚಿನ ಬಾವಿಗಳು ಬೇಗ ಆರುವುದರಿಂದ ಅವಕ್ಕೆ ಬರೀ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ). 24 ಗಂಟೆ ಬಿಟ್ಟು, ಕೋಶಗಳು ತಳಕ್ಕೆ ಅಂಟಿದ ಮೇಲೆ, ಎರಡು ಪಟ್ಟು ಸಾಂದ್ರತೆಯ ಇಜಿಸಿಜಿ ಇರುವ 100 ಮೈಕ್ರೊಲೀಟರ್ ಮೀಡಿಯಂ ಸೇರಿಸುತ್ತೇನೆ. ಕೊನೆಯ ಡೋಸ್‌ಗಳು 1, 5, 10, 25, 50, 100 ಮೈಕ್ರೊಮೋಲಾರ್.

ತೊಂದರೆ ಶುರುವಾಗುವುದು ಇಲ್ಲಿಂದ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವ ಹಾಗೆ ಇಜಿಸಿಜಿಯೂ 37 ಡಿಗ್ರಿಯ ಮೀಡಿಯಂನಲ್ಲಿ ಆಕ್ಸಿಡೀಕರಣಗೊಳ್ಳುತ್ತದೆ. ಮೀಡಿಯಂ ಯಾವುದು ಎಂಬುದರ ಮೇಲೆ, ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಹಾಕಿದ್ದರಲ್ಲಿ ಅರ್ಧ ಮಾಯ. ಆ ಹೊತ್ತಿಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿರುತ್ತದೆ, ಕೋಶ ಕೊಲ್ಲಲು ಅದೊಂದೇ ಸಾಕು. ಅದಕ್ಕೇ ಪ್ರತಿ ಡೋಸ್‌ಗೂ ಜೊತೆಜೊತೆಗೆ ಇನ್ನೆರಡು ಸಾಲು ಇಡುತ್ತೇನೆ: ಒಂದಕ್ಕೆ ಮಿಲಿಲೀಟರ್‌ಗೆ 50 ಯೂನಿಟ್ ಕ್ಯಾಟಲೇಸ್ (ಪೆರಾಕ್ಸೈಡನ್ನು ಒಡೆಯುವ ಕಿಣ್ವ), ಇನ್ನೊಂದಕ್ಕೆ ಅಷ್ಟೇ ಕ್ಯಾಟಲೇಸ್, ಆದರೆ ಕುದಿಸಿ ಸಾಯಿಸಿದ್ದು. ಸಜೀವ ಕ್ಯಾಟಲೇಸ್ ಇದ್ದಲ್ಲಿ ಮಾತ್ರ ಕೋಶಗಳು ಬದುಕಿದರೆ, ಕೊಂದದ್ದು ಪೆರಾಕ್ಸೈಡ್. ಕ್ಯಾಟಲೇಸ್ ಇದ್ದೂ ಬೆಳವಣಿಗೆ ಕುಗ್ಗಿದರೆ ಆ ಉಳಿಕೆ ನೋಡಬೇಕಾದದ್ದು. ಆಗ ಮಿಲಿಲೀಟರ್‌ಗೆ 5 ಯೂನಿಟ್ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಇನ್ನೊಂದು ಕಿಣ್ವವನ್ನೂ ಸೇರಿಸಿ ಮತ್ತೆ ಮಾಡುತ್ತೇನೆ. ಅದು ಇಜಿಸಿಜಿಯ ಆಯುಷ್ಯ ಹೆಚ್ಚಿಸುತ್ತದೆ. ಈ ಸಾಲುಗಳಿಲ್ಲದ ಐಸಿ-50 ಅಂಕಿಯನ್ನು (ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಡೋಸ್) ನಾನಂತೂ ನಂಬುವುದಿಲ್ಲ.

ಎರಡು ಲ್ಯಾಬುಗಳ ಅಂಕಿ ಹೊಂದದಿದ್ದರೆ ಮೊದಲು ಮೀಡಿಯಂ ಬಾಟಲಿಯ ಲೇಬಲ್ ನೋಡಿ. ಸೋಡಿಯಂ ಪೈರುವೇಟ್ ಇರುವ ಮೀಡಿಯಂ ಪೆರಾಕ್ಸೈಡನ್ನು ತಾನೇ ನುಂಗಿಬಿಡುತ್ತದೆ. ಬಾವಿಯಲ್ಲಿ ಕೋಶಗಳು ದಟ್ಟವಾಗಿದ್ದರೂ ಹಾಗೇ: ಒಂದೊಂದರ ಪಾಲಿಗೆ ಬರುವ ಪೆರಾಕ್ಸೈಡ್ ಕಡಿಮೆ. ‘ಕ್ಯಾನ್ಸರ್ ಕೋಶ ಮಾತ್ರ ಸಾಯುತ್ತದೆ, ಆರೋಗ್ಯವಂತ ಕೋಶಕ್ಕೆ ಏನೂ ಆಗದು’ ಎಂಬ ಫಲಿತಾಂಶ ಬಂದಾಗ, ಎರಡನ್ನೂ ಒಂದೇ ಮೀಡಿಯಂನಲ್ಲಿ, ಒಂದೇ ದಟ್ಟಣೆಯಲ್ಲಿ ಬೆಳೆಸಿದ್ದರಾ ಎಂದು ಕೇಳಬೇಕು.

ಎಷ್ಟು ಕೋಶ ಉಳಿದವೆಂದು ಅಳೆಯಲು ಎಂಟಿಟಿ (ಬದುಕಿರುವ ಕೋಶಗಳು ನೇರಳೆಯಾಗಿಸುವ ಹಳದಿ ಬಣ್ಣ) ಬೇಡ. ಇಜಿಸಿಜಿ ಎಂಟಿಟಿಯನ್ನು ನೇರವಾಗಿ ನೇರಳೆ ಮಾಡುತ್ತದೆ. ಕೋಶವೇ ಇಲ್ಲದ ಬಾವಿಗೆ ಎರಡನ್ನೂ ಹಾಕಿ ನೋಡಿದರೆ ಗೊತ್ತಾಗುತ್ತದೆ. ಸತ್ತ ಕೋಶವೂ ಬದುಕಿದಂತೆ ಲೆಕ್ಕಕ್ಕೆ ಬರುತ್ತದೆ. ನಾನು ಬಳಸುವುದು ಸಲ್ಫೊರೋಡಮೀನ್ ಬಿ, ಕೋಶಗಳ ಪ್ರೋಟೀನ್‌ಗೆ ಅಂಟುವ ಬಣ್ಣ. 48 ಗಂಟೆಯ ನಂತರ 200 ಮೈಕ್ರೊಲೀಟರ್ ಮೀಡಿಯಂ ಮೇಲೆ ಮೆಲ್ಲಗೆ 50 ಮೈಕ್ರೊಲೀಟರ್ ತಣ್ಣನೆಯ ಶೇ. 50 ಟ್ರೈಕ್ಲೋರೋಅಸಿಟಿಕ್ ಆಮ್ಲ, 4 ಡಿಗ್ರಿಯಲ್ಲಿ ಒಂದು ಗಂಟೆ. ನೀರಿನಲ್ಲಿ ನಾಲ್ಕೈದು ಸಲ ತೊಳೆದು ಒಣಗಿಸಿ, ಶೇ. 1 ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಶೇ. 0.4 ಬಣ್ಣವನ್ನು ಅರ್ಧ ಗಂಟೆ ಬಿಡಬೇಕು. ಮತ್ತೆ ಅದೇ ಅಸಿಟಿಕ್ ಆಮ್ಲದಲ್ಲಿ ತೊಳೆದು, 10 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ (ಪಿಎಚ್ 10.5) ಬಣ್ಣ ಬಿಡಿಸಿ 510 ನ್ಯಾನೊಮೀಟರ್‌ನಲ್ಲಿ ಓದುವುದು. ಆಮ್ಲವನ್ನು ರಭಸವಾಗಿ ಸುರಿದರೆ ಕೋಶಗಳು ಫಿಕ್ಸ್ ಆಗುವ (ತಳಕ್ಕೆ ಗಟ್ಟಿಯಾಗಿ ಕೂರುವ) ಮೊದಲೇ ಕಿತ್ತುಬರುತ್ತವೆ.

ಡೋಸ್ ಬಗ್ಗೆ ಒಂದು ಮಾತು. ಎರಡು ಮೂರು ಕಪ್ ಗ್ರೀನ್ ಟೀ ಕುಡಿದವರ ರಕ್ತದಲ್ಲಿ ಇಜಿಸಿಜಿ ಸಾಮಾನ್ಯವಾಗಿ 1 ಮೈಕ್ರೊಮೋಲಾರ್ ಕೂಡ ಮುಟ್ಟುವುದಿಲ್ಲ. ಬಾಯಿ, ಕರುಳಿನ ಒಳಪದರಕ್ಕೆ ಹೆಚ್ಚು ಸಿಗಬಹುದು, ಸ್ತನಕ್ಕೋ ಪ್ರಾಸ್ಟೇಟ್‌ಗೋ ಇಲ್ಲ. 50 ಮೈಕ್ರೊಮೋಲಾರ್‌ನ ಗ್ರಾಫ್ ತೋರಿಸಿ ‘ಟೀ ಕುಡಿದರೆ ಕ್ಯಾನ್ಸರ್ ತಡೆಯಬಹುದು’ ಎನ್ನುವುದು ಆ ಗ್ರಾಫ್ ಹೇಳದ ಮಾತು. ಕ್ಯಾಪ್ಸೂಲ್ ನುಂಗಿ ಸಾಂದ್ರತೆ ಏರಿಸೋಣ ಎಂದರೆ ಯಕೃತ್ತು ಅಡ್ಡ ಬರುತ್ತದೆ: ದಿನಕ್ಕೆ 800 ಮಿಲಿಗ್ರಾಂ ಮತ್ತು ಹೆಚ್ಚಿನ ಇಜಿಸಿಜಿ ಸಪ್ಲಿಮೆಂಟ್‌ನಲ್ಲಿ ಯಕೃತ್ತಿನ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿದೆ.

ಕೀಮೋ ಔಷಧಿಯ ಜೊತೆ ಸೇರಿಸಿ ಪರೀಕ್ಷಿಸುವವರು ಬೋರ್ಟೆಜೊಮಿಬ್ ವಿಷಯದಲ್ಲಿ ಜಾಗ್ರತೆ. ಅದರ ಬೋರಾನಿಕ್ ಆಮ್ಲದ ಭಾಗಕ್ಕೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಔಷಧಿಯನ್ನೇ ನಿಷ್ಕ್ರಿಯ ಮಾಡುತ್ತದೆ ಎಂಬುದು 2009ರಲ್ಲಿ ವರದಿಯಾಗಿದೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಈ ಔಷಧಿ ಪಡೆಯುತ್ತಿರುವವರಿಗೆ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಬೇಡ ಎನ್ನುವುದು ಇದಕ್ಕೇ.