ಹೊಸ ವೇಷದ ಶಾಕುಂತಲ ನೋಡಲು ಹೊರಟವರಿಗೆ

ಪ್ಯಾಂಟು ಹಾಕಿದ ರಾಜ ದುಷ್ಯಂತ, ಮೊಬೈಲ್ ಹಿಡಿದ ಶಕುಂತಲೆಯ ಗೆಳತಿ ಪ್ರಿಯಂವದೆ. ಕಾಳಿದಾಸನ ನಾಟಕವನ್ನು ಇಂದಿನ ಕಾಲಕ್ಕೆ ಒಗ್ಗಿಸಿದ ಇಂಥ ‘ಶಾಕುಂತಲ’ದಿಂದ ಅರ್ಧಕ್ಕೇ ಎದ್ದು ಬರುವವರು ಬಟ್ಟೆಯನ್ನು ಬೈಯುತ್ತಾರೆ. ಕೈತಪ್ಪಿದ್ದು ಮಾತ್ರ ಹೆಚ್ಚಾಗಿ ಕಥೆಯ ಎಳೆ.

ಹಿಂದಿನ ದಿನವೇ ನಾಟಕದ ಏಳು ಅಂಕಗಳನ್ನು ಏಳು ಸಾಲಲ್ಲಿ ಬರೆದುಕೊಳ್ಳಿ: ಬೇಟೆ ಮತ್ತು ಭೇಟಿ, ರಾಜನ ಹಾಸ್ಯಗಾರ ಗೆಳೆಯ ವಿದೂಷಕನೊಡನೆ ಮಾತು, ಗಾಂಧರ್ವ ವಿವಾಹ, ಶಾಪ ಮತ್ತು ಬೀಳ್ಕೊಡುಗೆ, ಆಸ್ಥಾನದಲ್ಲಿ ನಿರಾಕರಣೆ, ಉಂಗುರ ಸಿಕ್ಕಿದ್ದು, ಸಿಂಹದ ಮರಿಯ ಹಲ್ಲೆಣಿಸುವ ಮಗ ಸರ್ವದಮನ. ಎರಡು ಗಂಟೆಗೆ ಇಳಿಸುವಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಎರಡನೆಯ ಅಂಕಕ್ಕೆ. ‘ಶಕುಂತಲೆಯ ವಿಷಯ ಹೇಳಿದ್ದೆಲ್ಲ ತಮಾಷೆಗೆ’ ಎಂದು ರಾಜ ವಿದೂಷಕನನ್ನು ನಂಬಿಸುವುದು ಅಲ್ಲಿಯೇ. ಅದು ಹೋದರೆ, ಮುಂದೆ ರಾಜ ಮರೆತಾಗ ಗೆಳೆಯನಾದರೂ ಯಾಕೆ ನೆನಪಿಸಲಿಲ್ಲ ಎಂಬುದಕ್ಕೆ ಉತ್ತರವಿರುವುದಿಲ್ಲ.

ಮಂಗಳೂರಿನ ಪುರಭವನವಾಗಲಿ, ಉಡುಪಿ ಎಂಜಿಎಂ ಕಾಲೇಜಿನ ಆವರಣದ ಮುದ್ದಣ ಮಂಟಪವಾಗಲಿ, ಇಪ್ಪತ್ತು ನಿಮಿಷ ಮೊದಲೇ ತಲುಪಿ. ಮೊದಲ ಸಾಲು ಬೇಡ. ಕತ್ತು ನೋಯುತ್ತದೆ, ನಟರ ಗುಂಪು ಇಡಿಯಾಗಿ ಕಣ್ಣಿಗೆ ಸಿಗುವುದಿಲ್ಲ. ಐದರಿಂದ ಎಂಟನೆಯ ಸಾಲಿನ ನಡುಭಾಗ ಒಳ್ಳೆಯದು. ಮೈಕಿಲ್ಲದ ನಾಟಕವಾದರೆ ಫ್ಯಾನಿನ ನೇರ ಕೆಳಗೆ ಕೂರಬೇಡಿ. ಮಳೆಗಾಲವಾದರೆ ಮಳೆಯ ಸದ್ದಿರುತ್ತದೆ, ಇನ್ನೂ ಒಂದೆರಡು ಸಾಲು ಮುಂದಕ್ಕೆ.

ಮಧ್ಯಂತರ ಮೂರನೆಯ ಅಂಕದ ಕೊನೆಗೆ ಬಿಟ್ಟರೆ ಚಹಾ ಬೇಗ ಮುಗಿಸಿ. ರಾಜ ಶಕುಂತಲೆಯನ್ನು ಮರೆಯಲಿ ಎಂಬ ದುರ್ವಾಸ ಮುನಿಯ ಶಾಪ ಬರುವುದು ನಾಲ್ಕನೆಯ ಅಂಕದ ಆರಂಭದಲ್ಲೇ, ಅದೂ ತೆರೆಮರೆಯ ದನಿಯಾಗಿ. ಶಕುಂತಲೆಗೇ ಅದು ಕೇಳಿಸಿರುವುದಿಲ್ಲ. ನಿಮಗೂ ಕೇಳಿಸದಿದ್ದರೆ ಉಳಿದ ನಾಟಕದಲ್ಲಿ ದುಷ್ಯಂತ ಬರೀ ಮೋಸಗಾರ. ಕೆಲವು ನಿರ್ದೇಶಕರು ಬೇಕೆಂದೇ ಶಾಪವನ್ನು ತೆಗೆಯುತ್ತಾರೆ. ಮಹಾಭಾರತದ ಮೂಲಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ರಾಜನಿಗೆ ಎಲ್ಲ ನೆನಪಿದ್ದೂ ಗೊತ್ತಿಲ್ಲ ಅನ್ನುತ್ತಾನೆ. ಹಾಗಾಗಿ ಶಾಪ ತೆಗೆದದ್ದನ್ನೇ ತಪ್ಪೆನ್ನಬೇಡಿ. ಶಾಪ ತೆಗೆದು ಏಳನೆಯ ಅಂಕದ ಸುಖಾಂತ್ಯವನ್ನು ಹಾಗೇ ಇಟ್ಟುಕೊಂಡಿದ್ದರೆ ಕೇಳಬೇಕು: ಅವಳು ಒಪ್ಪಿದ್ದು ಯಾಕೆ?

ಇನ್ನು ಉಂಗುರ, ರಾಜನಿಗೆ ಮರೆತದ್ದನ್ನು ನೆನಪಿಸುವ ಗುರುತು. ಅದರ ಜಾಗದಲ್ಲಿ ಏನು ಬಂದಿದೆ ನೋಡಿ. ಏನೇ ಬಂದರೂ ಮೂರು ಕೆಲಸ ಮಾಡಬೇಕು: ಅವನೇ ಕೊಟ್ಟದ್ದಾಗಿರಬೇಕು, ಅವಳಿಗೆ ಗೊತ್ತಾಗದಂತೆ ಕಳೆದುಹೋಗಬೇಕು, ಗುರುತಿಲ್ಲದವನೊಬ್ಬನ ಕೈಯಿಂದ ವಾಪಸಾಗಬೇಕು. ಮೊಬೈಲಿನ ಫೋಟೊ ಇಲ್ಲಿ ಸೋಲುತ್ತದೆ, ಫೋನು ಹೊಳೆಗೆ ಬಿದ್ದರೂ ಫೋಟೊ ಎಲ್ಲೋ ಉಳಿದಿರುತ್ತದೆ. ಅವನೇ ಕೊಟ್ಟ ಹಳೆಯ ಸಿಮ್ಮಿನ ಫೋನಾದರೆ ನಡೆದೀತು.

ನಮ್ಮ ಕರಾವಳಿಯಲ್ಲಿ ತಪ್ಪಿಸಿಕೊಳ್ಳಲೇಬಾರದ ಜಾಗ ಆರನೆಯ ಅಂಕದ ಆರಂಭ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿದ ಬೆಸ್ತನನ್ನು ಕಾವಲಿನವರು ಕಳ್ಳನೆಂದು ಹೊಡೆಯುತ್ತಾರೆ. ರಾಜ ಇನಾಮು ಕಳಿಸಿದ ಮೇಲೆ ಅವನಿಂದ ಅರ್ಧ ಪಾಲು ಪಡೆದು, ಅವನೊಡನೆಯೇ ಹೆಂಡದಂಗಡಿಗೆ ನಡೆಯುತ್ತಾರೆ. ಕಾಳಿದಾಸ ರಾಜನಿಗೆ ಸಂಸ್ಕೃತ, ಇವರಿಗೆ ಆಡುಮಾತಿನಂಥ ಪ್ರಾಕೃತ ಕೊಟ್ಟಿದ್ದಾನೆ. ಎಲ್ಲರೂ ಒಂದೇ ಗ್ರಂಥಗನ್ನಡ ಆಡಿದರೆ ನಗು ಸತ್ತಂತೆ. ಬೆಸ್ತ ಮಲ್ಪೆಯ ತುಳುವಿನಲ್ಲೋ ಕುಂದಾಪ್ರ ಕನ್ನಡದಲ್ಲೋ ಬಾಯಿಬಿಟ್ಟರೆ ಮೊದಲ ಮಾತಿಗೇ ಸಭೆ ಎಚ್ಚರಾಗುತ್ತದೆ, ಮತ್ತು ಕಾಳಿದಾಸನಿಗೆ ಅದೇ ಹೆಚ್ಚು ಹತ್ತಿರ.

ಯಕ್ಷಗಾನದ ಚಂಡೆ, ಹಾಡುವ ಭಾಗವತರು ಇದ್ದರೆ ಒಂದನ್ನು ಗಮನಿಸಿ: ಪದ್ಯ ಮುಗಿಯುವಷ್ಟರಲ್ಲಿ ಕಥೆ ಮುಂದೆ ಹೋಗಿದೆಯೇ, ಅಥವಾ ಆಸ್ಥಾನದ ಕುರ್ಚಿ ಸಾಗಿಸುವವರೆಗೆ ಹಾಡು ಎಳೆದರೇ?